ರಗ್ಬಿ ಆಡಿದ ಮೈ ಸಮುದ್ರಕ್ಕೆ ಆಗುತ್ತದಾ?

ಪ್ರಶ್ನೆ: ನಾನು ಹಾಸನದವಳು, ಮದುವೆಯಾಗಿ ಬ್ರಿಸ್ಬೇನಿನಲ್ಲಿದ್ದೇನೆ. ನಮ್ಮ ಯಜಮಾನರು ಇಲ್ಲಿಯವರೇ, ವಯಸ್ಸು 39. ಹದಿನಾರರಿಂದ ಮೂವತ್ತೈದರವರೆಗೆ ಕ್ಲಬ್ ಮಟ್ಟದಲ್ಲಿ ರಗ್ಬಿ ಲೀಗ್ ಆಡಿದವರು, ಪ್ರಾಪ್ ಆಗಿದ್ದರು. ತೂಕ 112 ಕೆಜಿ. ಬಲ ಭುಜದ ಕೀಲು ಮೂರು ಸಲ ತಪ್ಪಿದೆ, ಆಪರೇಷನ್ ಆಗಿಲ್ಲ. ತಲೆಗೆ ಪೆಟ್ಟು ಬಿದ್ದು ನಾಲ್ಕೈದು ಸಲ ಆಟದ ಮಧ್ಯೆ ಹೊರಗೆ ಬಂದಿದ್ದಾರೆ. ಮಂಡಿನೋವಿಗೆ ಆಗಾಗ ಮಾತ್ರೆ ನುಂಗುತ್ತಾರೆ. ರಾತ್ರಿ ಜೋರು ಗೊರಕೆ. ಆಟ ಬಿಟ್ಟ ಮೇಲೆ ಹಾಯಿದೋಣಿಯ ಹುಚ್ಚು ಹಿಡಿದಿದೆ. 34 ಅಡಿಯ ಹಳೆಯ ದೋಣಿ ಕೊಂಡಿದ್ದಾರೆ. ಇಲ್ಲಿನ ಕೊಲ್ಲಿ ಮೋರ್ಟನ್ ಬೇ ಒಳಗೆ ಓಡಿಸಿ ಅಭ್ಯಾಸವಿದೆ. ಬರುವ ವರ್ಷ ಒಬ್ಬರೇ ನ್ಯೂ ಕ್ಯಾಲಿಡೋನಿಯಾದ ನೂಮಿಯಾಗೆ, ಅಲ್ಲಿಂದ ಫಿಜಿಗೆ ಹೋಗುತ್ತಾರಂತೆ. "ಬೇಕಾದರೆ ನೀನೂ ಬಾ" ಅನ್ನುತ್ತಾರೆ. ನಾನು 54 ಕೆಜಿ, ಈಜು ಅಷ್ಟಕ್ಕಷ್ಟೆ. ಅವರ ಗೆಳೆಯರು "ಅಂಥ ಗಟ್ಟಿ ಆಳಿಗೆ ಹಾಯಿ ಎಳೆಯೋದು ಯಾವ ಲೆಕ್ಕ" ಅಂತಾರೆ. ಅತ್ತೆ "ಕಡಲ ಗಾಳಿಗೆ ಮೈಕೈ ನೋವೆಲ್ಲ ಹೋಗುತ್ತೆ" ಅಂತಾರೆ. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ. ಅವರನ್ನು ತಡೆಯಬೇಕಾ, ಬಿಡಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಒಂದು, ಸಮುದ್ರ. ಇನ್ನೊಂದು, ಆಟ ಅವರ ಮೈಯಲ್ಲಿ ಬಿಟ್ಟುಹೋದದ್ದು. ನಾನು ಕ್ರೀಡಾ ವೈದ್ಯ. ಮೈಗೆ ಮೈ ಡಿಕ್ಕಿ ಹೊಡೆಯುವ ಆಟಗಳನ್ನು ಆಡಿದವರನ್ನೂ ದೂರದ ಹಾಯಿಯಾನಕ್ಕೆ ಹೊರಡುವವರನ್ನೂ ಪರೀಕ್ಷೆ ಮಾಡುವುದು ನನ್ನ ಕೆಲಸ. ಕೆಲವು ಸಲ ಇಬ್ಬರೂ ಒಬ್ಬರೇ ಆಗಿರುತ್ತಾರೆ. ಆ ಅನುಭವದಿಂದ ಹೇಳುವುದಾದರೆ, ನಿಮ್ಮ ಎರಡನೇ ಭಯವೇ ಹೆಚ್ಚು ಸರಿ. ಆದರೆ ಅದರಲ್ಲಿ ಬಹುಪಾಲು ಮೊದಲೇ ನೋಡಿ ಸರಿಮಾಡಬಹುದಾದದ್ದು.

ಈ ಆಟ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ರಗ್ಬಿ ಲೀಗ್ ಹುಟ್ಟಿದ್ದು 1895ರಲ್ಲಿ, ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ. ತಂಡಕ್ಕೆ 13 ಜನ, 80 ನಿಮಿಷ. ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳ, ಅಂದರೆ ಎದುರಾಳಿಗಳು ಆರು ಸಲ ಹಿಡಿದು ಕೆಡವುವವರೆಗೆ, ಅವಕಾಶ. ಕಬಡ್ಡಿಯಲ್ಲಿ ರೈಡರನ್ನು ನಾಲ್ಕು ಜನ ಮುತ್ತಿ ಕೆಡವುತ್ತಾರಲ್ಲ, ಅದನ್ನೇ ಎರಡೂ ಕಡೆಯವರು ಪೂರ್ತಿ ವೇಗದಲ್ಲಿ ಓಡಿ ಬಂದು ಮಾಡಿದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಪ್ರಾಪ್ ಅಂದರೆ ಆ ಡಿಕ್ಕಿಗೆ ಮೊದಲು ಮೈಯೊಡ್ಡುವವನು.

ಗೆಳೆಯರ ಮಾತಿನಿಂದ ಶುರು ಮಾಡೋಣ. ಹಾಯಿ ಎಳೆಯಲು ಮೈಬಲ ಬೇಕು ಅನ್ನುವುದು ಒಂದು ಜಾಗದಲ್ಲಿ ನಿಜ. ಅಮೆರಿಕಾಸ್ ಕಪ್‌ನಂಥ ರೇಸಿನ ದೋಣಿಗಳಲ್ಲಿ ಗ್ರೈಂಡರ್ ಅಂತ, ಮೈಬಲದಿಂದ ಹಾಯಿಯ ಯಂತ್ರ ತಿರುಗಿಸುವ ಒಂದು ಕೆಲಸವಿತ್ತು. ನ್ಯೂಜಿಲೆಂಡ್ ತಂಡ 2017ರಲ್ಲಿ ಆ ಕೆಲಸವನ್ನು ಪೆಡಲ್ ತುಳಿದು ಮಾಡಲು ಒಲಿಂಪಿಕ್ ಸೈಕ್ಲಿಸ್ಟ್ ಸೈಮನ್ ವಾನ್ ವೆಲ್ಟ್‌ಹೋವನ್ ಮತ್ತು ದೋಣಿ ಹುಟ್ಟು ಹಾಕುವುದರಲ್ಲಿ ಚಿನ್ನ ಗೆದ್ದ ಜೋ ಸಲಿವನ್ ಅವರನ್ನು ಕೂರಿಸಿ ಕಪ್ ಗೆದ್ದಿತು. ಅಲ್ಲಿ ಬಲವೇ ಬೇಕಿತ್ತು. ಆದರೆ 34 ಅಡಿಯ ದೋಣಿಯಲ್ಲಿ ಸಾಗರ ದಾಟುವವರಿಗೆ ಹಗ್ಗ ಸುತ್ತಿ ಎಳೆಯುವ ವಿಂಚ್ ಇದೆ, ರಾಟೆ ಇದೆ, ತಾನೇ ದಿಕ್ಕು ಹಿಡಿಯುವ ವಿಂಡ್‌ವೇನ್ ಇದೆ. ಅಲ್ಲಿ ಬೇಕಾಗುವುದು ಗಾಳಿ ಜೋರಾಗುವ ಮುಂಚೆಯೇ ಹಾಯಿ ಚಿಕ್ಕದು ಮಾಡುವ ಬುದ್ಧಿ.

ಇದಕ್ಕೆ ದೂರ ಹೋಗಬೇಕಿಲ್ಲ. ಆಸ್ಟ್ರೇಲಿಯಾದ ಹುಡುಗಿ ಜೆಸ್ಸಿಕಾ ವಾಟ್ಸನ್ 16ನೇ ವಯಸ್ಸಿನಲ್ಲಿ 34 ಅಡಿಯ ದೋಣಿಯಲ್ಲೇ ಸಿಡ್ನಿಯಿಂದ ಹೊರಟು, ಒಬ್ಬಳೇ ಭೂಮಿ ಸುತ್ತಿ 2010ರ ಮೇ 15ರಂದು ವಾಪಸ್ ಬಂದಳು. ಬಿಲ್ ಹ್ಯಾಟ್‌ಫೀಲ್ಡ್ 81ನೇ ವಯಸ್ಸಿನಲ್ಲಿ ಒಂಟಿಯಾಗಿ, ಎಲ್ಲೂ ನಿಲ್ಲದೆ, ಗಾಳಿಗೆ ಎದುರಾಗಿ ಪಶ್ಚಿಮ ದಿಕ್ಕಿನಲ್ಲಿ ಸುತ್ತು ಹಾಕಿ 2020ರಲ್ಲಿ ನಿಮ್ಮ ಪಕ್ಕದ ಗೋಲ್ಡ್ ಕೋಸ್ಟಿಗೆ ಬಂದಿಳಿದರು. ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ, ಇಬ್ಬರೇ, ಗೋವಾದಿಂದ 'ತಾರಿಣಿ' ಹಾಯಿದೋಣಿಯಲ್ಲಿ ಹೊರಟು 2025ರ ಮೇ ತಿಂಗಳಲ್ಲಿ ಭೂಮಿ ಸುತ್ತಿ ಬಂದರು. ಇವರಲ್ಲಿ ಯಾರೂ 112 ಕೆಜಿ ಇರಲಿಲ್ಲ, ಅಲ್ವಾ?

ಬಲ ಜಾಸ್ತಿ ಇದ್ದವರಿಗೆ ಒಂದು ತೊಂದರೆಯೂ ಇದೆ. ಸಿಕ್ಕಿಕೊಂಡ ಹಗ್ಗವನ್ನು ಸಣ್ಣ ಆಳು ಬಿಡಿಸಿ ನೋಡುತ್ತಾನೆ, ದೊಡ್ಡ ಆಳು ಎಳೆದುಬಿಡುತ್ತಾನೆ. ಹಾಯಿ ಹರಿಯುವುದು, ಭುಜ ಕಳಚುವುದು ಎರಡೂ ಆಗುವುದು ಆವಾಗಲೇ.

ಇನ್ನು ಅತ್ತೆಯವರ ಕಡಲ ಗಾಳಿ. ಮನಸ್ಸಿಗೆ ಹಿತ, ಸರಿ. ಆದರೆ ಸವೆದ ಮಂಡಿ, ಸಡಿಲಾದ ಭುಜ ಗಾಳಿಗೆ ವಾಸಿಯಾಗುವುದಿಲ್ಲ. ದೋಣಿ ಹಗಲೂ ರಾತ್ರಿ ಅಲುಗುತ್ತಲೇ ಇರುತ್ತದೆ. ನಿಂತರೂ ಕೂತರೂ ಮೈ ಬಿಗಿಹಿಡಿದೇ ಇರಬೇಕು. ಹಳೆಯ ನೋವು ಮೊದಲ ವಾರದಲ್ಲಿ ಹೆಚ್ಚುವುದೇ ಮಾಮೂಲು.

ಈಗ ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ ವಿಷಯಗಳು.

ಮೊದಲನೆಯದು ಆ ಬಲ ಭುಜ. ಒಂದು ಸಲ ಕೀಲು ತಪ್ಪಿದಾಗಲೇ ಸಾಮಾನ್ಯವಾಗಿ ಗೂಡಿನ ಅಂಚು ಹರಿದಿರುತ್ತದೆ. ಮೂರು ಸಲ ತಪ್ಪಿದೆ ಅಂದರೆ ಅಂಚಿನ ಮೂಳೆಯೂ ಸವೆದಿರುವ ಸಾಧ್ಯತೆ ಇದೆ. ತೋಳು ಮೇಲೆತ್ತಿ ಹಿಂದಕ್ಕೆ ತಿರುಗಿದಾಗ ಅದು ಸುಲಭವಾಗಿ ಕಳಚುತ್ತದೆ. ದೋಣಿ ವಾಲಿದಾಗ ಮೇಲಿನ ಕಂಬಿ ಹಿಡಿದು ಜೋತು ಬೀಳುವುದು ಸರಿಯಾಗಿ ಅದೇ ಭಂಗಿಯಲ್ಲಿ. ಮೈದಾನದಲ್ಲಾದರೆ ಫಿಸಿಯೋ ಓಡಿ ಬರುತ್ತಿದ್ದರು. ದಡದಿಂದ 300 ಮೈಲಿ ಆಚೆ, ಒಂದೇ ಕೈಯಲ್ಲಿ ಹಾಯಿ ಇಳಿಸಬೇಕು, ಅದೂ ಎಡಗೈಯಲ್ಲಿ.

ಇದಕ್ಕೆ ದಾರಿಗಳಿವೆ. ಎಂಆರ್‌ಐ ಮತ್ತು ಸಿಟಿ ಸ್ಕ್ಯಾನ್ ಮಾಡಿಸಿ ಮೂಳೆ ಎಷ್ಟು ಹೋಗಿದೆ ನೋಡಬೇಕು. ಕಡಿಮೆ ಹೋಗಿದ್ದರೆ ಹರಿದ ಅಂಚನ್ನು ಹೊಲಿಯುತ್ತಾರೆ. ಜಾಸ್ತಿ ಹೋಗಿದ್ದರೆ ಪಕ್ಕದ ಮೂಳೆಯ ತುಂಡೊಂದನ್ನು ತಂದು ಅಂಚಿಗೆ ಕೂರಿಸುವ ಲಟಾರ್ಜೆ ಆಪರೇಷನ್ ಇದೆ. ರಗ್ಬಿಯವರಲ್ಲಿ ಇದು ಹೊಸದೇನಲ್ಲ. ಅಪಾಯ ಇಲ್ಲ ಅನ್ನಲಾರೆ. ಸೋಂಕು, ನರಕ್ಕೆ ಪೆಟ್ಟು, ತೋಳು ಪೂರ್ತಿ ತಿರುಗದಿರುವುದು, ಇವೆಲ್ಲ ಕೆಲವರಿಗೆ ಆಗುತ್ತವೆ. ಪೂರ್ತಿ ಬಲ ಬರಲು ಸುಮಾರು ಆರು ತಿಂಗಳು ಬೇಕು. ಆಪರೇಷನ್ ಬೇಡ ಅಂದರೆ ವ್ಯಾಯಾಮದಿಂದ ಭುಜ ಸ್ವಲ್ಪ ಗಟ್ಟಿಯಾಗುತ್ತದೆ, ಆದರೆ ಮೂಳೆ ಸವೆದಿದ್ದರೆ ಅದನ್ನು ನಂಬಿ ಒಂಟಿಯಾಗಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ಕಳಚಿದ ಭುಜವನ್ನು ತಾವೇ ಕೂರಿಸಿಕೊಳ್ಳುವ ವಿಧಾನವೂ ಒಂದಿದೆ. ಕೂತು ಮಂಡಿಯನ್ನು ಎರಡೂ ಕೈಯಿಂದ ತಬ್ಬಿ ನಿಧಾನವಾಗಿ ಹಿಂದಕ್ಕೆ ಒರಗುವುದು. ಅದನ್ನು ವೈದ್ಯರ ಎದುರು ಕಲಿಯಬೇಕು, ಓದಿಕೊಂಡು ಅಲ್ಲ.

ಎರಡನೆಯದು ತಲೆ. ಇಲ್ಲಿ ನಿಮ್ಮ ಭಯ ಎಲ್ಲಿಯವರೆಗೆ ಸರಿ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ತಲೆಗೆ ಪದೇ ಪದೇ ಪೆಟ್ಟು ಬಿದ್ದವರ ಮಿದುಳಿನಲ್ಲಿ ಕಾಣುವ ಸಿಟಿಇ ಎಂಬ ಕಾಯಿಲೆ ಆಸ್ಟ್ರೇಲಿಯಾದ ಮಾಜಿ ರಗ್ಬಿ ಲೀಗ್ ಆಟಗಾರರಲ್ಲಿ ಇದ್ದದ್ದು 2019ರಲ್ಲಿ ವರದಿಯಾಯಿತು. ಅದನ್ನು ಖಚಿತವಾಗಿ ಹೇಳಲಾಗುವುದು ಸತ್ತ ಮೇಲೆ ಮಿದುಳು ಪರೀಕ್ಷಿಸಿದಾಗ ಮಾತ್ರ. ನಾಲ್ಕೈದು ಸಲ ಪೆಟ್ಟು ಬಿದ್ದ ಎಲ್ಲರಿಗೂ ಅದು ಬರುವುದಿಲ್ಲ. ಹಾಗಾಗಿ "ಅವರಿಗೆ ಅದೇ ಇರಬೇಕು" ಎಂದು ಈಗಲೇ ಕೊರಗಬೇಡಿ. ನನಗೆ ಬೇಕಾದ ಉತ್ತರಗಳು ಬೇರೆ. ತಲೆ ಸುತ್ತು ಬರುತ್ತದಾ? ಬೆಳಕು, ಸದ್ದು ತಡೆಯಲಾಗದ ತಲೆನೋವು ಇದೆಯಾ? ಸಣ್ಣದಕ್ಕೆ ಸಿಟ್ಟು, ಮರೆವು, ಮಂಕು? ಇವು ಇದ್ದರೆ ನರರೋಗ ತಜ್ಞರನ್ನು ಕಾಣದೆ ಹೊರಡಬಾರದು. ಕನ್ಕಷನ್ (ತಲೆಗೆ ಪೆಟ್ಟಾಗಿ ಮಿದುಳು ಅಲುಗುವುದು) ಆದ ಕೆಲವರಿಗೆ ಒಳಕಿವಿಯ ಸಮತೋಲನ ಪೂರ್ತಿ ಸರಿಹೋಗಿರುವುದಿಲ್ಲ. ನೆಲದ ಮೇಲೆ ಗೊತ್ತಾಗದೆ ಇದ್ದದ್ದು ಅಲೆಯ ಮೇಲೆ ಎದ್ದು ಕಾಣುತ್ತದೆ. ಸಮುದ್ರದ ವಾಂತಿ ಬಹಳ ಜನರಿಗೆ ಎರಡು ಮೂರು ದಿನದಲ್ಲಿ ನಿಲ್ಲುತ್ತದೆ. ಇಂಥವರಿಗೆ ನಿಲ್ಲದೆಯೂ ಇರಬಹುದು. ವಾಂತಿ ತಡೆಯುವ ಮಾತ್ರೆಗಳಲ್ಲಿ ಕೆಲವು ಮಂಪರು ತರುತ್ತವೆ, ಕಣ್ಣು ಮಂಜು ಮಾಡುತ್ತವೆ. ಅವನ್ನು ಮೊದಲು ಮನೆಯಲ್ಲಿ, ರಜೆಯ ದಿನ ತೆಗೆದುಕೊಂಡು ನೋಡಬೇಕು.

ದೋಣಿಯಲ್ಲಿ ಮತ್ತೆ ತಲೆಗೆ ಪೆಟ್ಟು ಬೀಳುವ ಭಯವೂ ಸುಳ್ಳಲ್ಲ. ಹಾಯಿಯ ಕೆಳಗಿನ ಅಡ್ಡ ಕಂಬವಾದ ಬೂಮ್, ಗಾಳಿ ಹಿಂದಿನಿಂದ ತಿರುಗಿದಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ರಪ್ಪನೆ ಬೀಸುತ್ತದೆ. ಅದನ್ನು ಹಗ್ಗ ಕಟ್ಟಿ ಹಿಡಿಯುವುದನ್ನು ಅವರು ಎಂದೂ ತಪ್ಪಿಸಬಾರದು. ಹೆಲ್ಮೆಟ್ ಹಾಕುವವರೂ ಇದ್ದಾರೆ. ನಿಮ್ಮ ಯಜಮಾನರ ತಲೆಯ ಚರಿತ್ರೆ ನೋಡಿದರೆ ಗಾಳಿ ಜೋರಿದ್ದಾಗ ಹಾಕಿಕೊಳ್ಳಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಮೂರನೆಯದು ಗೊರಕೆ. ಪತ್ರದಲ್ಲಿ ನೀವು ಇದನ್ನು ಸುಮ್ನೆ ಸೇರಿಸಿದಂತಿದೆ. ನನಗೆ ಅದೇ ಮುಖ್ಯವಾಗಿ ಕಂಡಿತು. ದಪ್ಪ ಕತ್ತು, ದೊಡ್ಡ ಮೈ, ಜೋರು ಗೊರಕೆ ಸೇರಿದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದೆಯಾ ಎಂದು ನೋಡಲೇಬೇಕು. ಅದಿದ್ದವರಿಗೆ ಎಂಟು ಗಂಟೆ ಮಲಗಿದರೂ ನಿದ್ದೆ ಸಾಲದು. ಒಂಟಿಯಾಗಿ ಹೋಗುವವರಿಗೆ ಎಂಟು ಗಂಟೆ ಸಿಗುವುದೇ ಇಲ್ಲ. ಹಡಗುಗಳು ಓಡಾಡುವ ಕಡೆ ಅವರು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನೋಡುತ್ತಾರೆ. ಕಾರಣ ಸರಳ. 20 ನಾಟ್, ಅಂದರೆ ಗಂಟೆಗೆ 20 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಸುಮಾರು 1.85 ಕಿಮೀ) ವೇಗದ ಹಡಗು ಇಪ್ಪತ್ತು ನಿಮಿಷದಲ್ಲಿ ಆರೂವರೆಗೂ ಹೆಚ್ಚು ನಾಟಿಕಲ್ ಮೈಲಿ ಬಂದುಬಿಡುತ್ತದೆ.

ಜೆಸ್ಸಿಕಾ ವಾಟ್ಸನ್ ಯಾನದ ಇನ್ನೊಂದು ಭಾಗವನ್ನೂ ಹೇಳಬೇಕು. ದೊಡ್ಡ ಪ್ರಯಾಣ ಶುರುವಾಗುವ ಮುಂಚೆ, 2009ರ ಸೆಪ್ಟೆಂಬರ್ 9ರಂದು, ನಡುರಾತ್ರಿ ಕಳೆದ ಮೇಲೆ, ಸಿಡ್ನಿಗೆ ಹೋಗುವಾಗ ನಾರ್ತ್ ಸ್ಟ್ರಾಡ್‌ಬ್ರೋಕ್ ದ್ವೀಪದ ಬಳಿ 'ಸಿಲ್ವರ್ ಯಾಂಗ್' ಎಂಬ ಸರಕು ಹಡಗಿಗೆ ಆಕೆಯ ದೋಣಿ ಡಿಕ್ಕಿಯಾಗಿ ಹಾಯಿಕಂಬ ಮುರಿಯಿತು. ಆಗಷ್ಟೇ ಮಲಗಲು ಒಳಗೆ ಇಳಿದಿದ್ದಳು. ಸರಿಯಾದ ಕಾವಲು ಎರಡೂ ಕಡೆ ಇರಲಿಲ್ಲ ಎಂದು ತನಿಖೆ ಹೇಳಿತು. ಅದು ನಿಮ್ಮ ಮೋರ್ಟನ್ ಬೇ ಬಾಯಿಯಿಂದ ಅರ್ಧ ದಿನದ ದಾರಿಯೂ ಇಲ್ಲ. ಮೊದಲ ರಾತ್ರಿಗಳೇ ಕೆಟ್ಟವು. ದಡ ಹತ್ತಿರ, ಹಡಗು ಜಾಸ್ತಿ, ಮೈ ಇನ್ನೂ ಅಲೆಗೆ ಒಗ್ಗಿರುವುದಿಲ್ಲ.

ಆದ್ದರಿಂದ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ, ಮಾಡಿಸಿ. ಆಪ್ನಿಯಾ ಇದ್ದರೆ ಮುಖವಾಡದ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರವನ್ನು ದೋಣಿಯ 12 ವೋಲ್ಟ್ ಬ್ಯಾಟರಿಯಲ್ಲಿ ಓಡಿಸಬಹುದು. ನೀರು ಬಿಸಿ ಮಾಡುವ ಭಾಗ ಆಫ್ ಮಾಡಿದರೆ ವಿದ್ಯುತ್ ಬಹಳ ಉಳಿಯುತ್ತದೆ. ಆದರೆ ಇಪ್ಪತ್ತು ನಿಮಿಷದ ನಿದ್ದೆಗೆ ಮುಖವಾಡ ಹಾಕಿ ತೆಗೆಯುವುದನ್ನು ಯಾರೂ ಬಹಳ ದಿನ ಮಾಡಲಾರರು. ತೂಕ ಇಳಿಸುವುದು ಇಲ್ಲಿ ಎಲ್ಲಕ್ಕಿಂತ ಒಳ್ಳೆಯ ಮದ್ದು, ಮಂಡಿಗೂ ಅದೇ.

ಮಂಡಿಯ ಮಾತ್ರೆ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಯನ್ನು ವಾಂತಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗ ನುಂಗಿದರೆ ಕಿಡ್ನಿಗೆ ಹೊಡೆತ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆಯೊಳಗೆ ರಕ್ತ ಒಸರುವ ಅಪಾಯ. ಹೊರಡುವ ಮುಂಚೆ ಕಿಡ್ನಿ, ಬಿಪಿ, ಹೃದಯ ಮೂರನ್ನೂ ಪರೀಕ್ಷೆ ಮಾಡಿಸಲಿ.

ಇಷ್ಟೂ ಮೈಯ ಮಾತಾಯಿತು. ನನ್ನನ್ನು ಹೆಚ್ಚು ಕಾಡುವುದು ಒಂದು ಅಭ್ಯಾಸ. ಈ ಆಟದವರು ನೋವು ಮುಚ್ಚಿಟ್ಟು ಆಡುವುದನ್ನು ಹುಡುಗರಾಗಿದ್ದಾಗಲೇ ಕಲಿಯುತ್ತಾರೆ. ಪಕ್ಕೆಲುಬು ಮುರಿದಿದ್ದರೂ ಬಿಗಿಯಾಗಿ ಕಟ್ಟಿಸಿಕೊಂಡು ಒಳಗೆ ಹೋಗುತ್ತಾರೆ. ತಂಡದವರು ಬೆನ್ನು ತಟ್ಟುತ್ತಾರೆ. ಅದಕ್ಕೇ ಆಸ್ಟ್ರೇಲಿಯಾದ ದೊಡ್ಡ ರಗ್ಬಿ ಲೀಗ್ ಟೂರ್ನಿ ಎನ್‌ಆರ್‌ಎಲ್ 2022ರಿಂದ ಸ್ವತಂತ್ರ ವೈದ್ಯರನ್ನು ಟೀವಿ ಮುಂದೆ ಕೂರಿಸಿದೆ. ಆಟಗಾರ "ನಾನು ಚೆನ್ನಾಗಿದ್ದೀನಿ" ಅಂದರೂ ಅವರು ಹೊರಗೆ ಕರೆಸಬಹುದು. 2023ರಿಂದ ಕನ್ಕಷನ್ ಆದವರಿಗೆ ಸಾಮಾನ್ಯವಾಗಿ 11 ದಿನ ಆಟವಿಲ್ಲ. ಅಂದರೆ ನೋವಿನ ಬಗ್ಗೆ ಆಟಗಾರನ ಮಾತನ್ನೇ ನಂಬಬಾರದು ಎಂದು ಆಟವೇ ಒಪ್ಪಿಕೊಂಡಿದೆ. ಸಮುದ್ರದಲ್ಲಿ ಆ ವೈದ್ಯರಿಲ್ಲ. ತನ್ನನ್ನು ತಾನೇ ಹೊರಗೆ ಕರೆಸಿಕೊಳ್ಳಬೇಕು. "ಇವತ್ತು ಕೈ ಸರಿಯಿಲ್ಲ, ಹಾಯಿ ಇಳಿಸಿ ಮಲಗುತ್ತೇನೆ, ವಾಪಸ್ ಹೋಗುತ್ತೇನೆ" ಅನ್ನಲು ಬರುವವರು ಮಾತ್ರ ಒಂಟಿಯಾಗಿ ಹೋಗಬಹುದು. ನಾನು ಪರೀಕ್ಷೆ ಮಾಡುವಾಗ ಭುಜಕ್ಕಿಂತ ಜಾಸ್ತಿ ಇದನ್ನೇ ಕೆದಕಿ ಕೇಳುತ್ತೇನೆ.

ಅಭಿಲಾಷ್ ಟೋಮಿ ಅವರನ್ನು ನೆನಪಿಸಿಕೊಳ್ಳಿ. ನೌಕಾಪಡೆಯ ಪೈಲಟ್. ಅಷ್ಟರಲ್ಲಾಗಲೇ ಒಂದು ಸಲ ಒಂಟಿಯಾಗಿ, ನಿಲ್ಲದೆ ಭೂಮಿ ಸುತ್ತಿದವರು. 2018ರ ಸೆಪ್ಟೆಂಬರ್ 21ರಂದು, ಒಂಟಿಯಾಗಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ, ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲಿ ದೂರದಲ್ಲಿ, ಬಿರುಗಾಳಿಗೆ ದೋಣಿ ಉರುಳಿ ಹಾಯಿಕಂಬ ಹೋಯಿತು, ಬೆನ್ನುಮೂಳೆಗೆ ಪೆಟ್ಟಾಯಿತು. ಏಳಲಾಗದೆ ಮಲಗಿದ್ದಲ್ಲೇ ಸಂದೇಶ ಕಳಿಸಿದರು. ಮೂರು ದಿನದ ಮೇಲೆ ಫ್ರಾನ್ಸಿನ 'ಒಸಿರಿಸ್' ಹಡಗು ಬಂದು ಎತ್ತಿಕೊಂಡಿತು. ಆಪರೇಷನ್ ಆಗಿ, ಮತ್ತೆ ನಡೆಯಲು ಕಲಿತು, ಮುಂದಿನ ಸಲದ ಅದೇ ರೇಸಿನಲ್ಲಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಬಂದರು. ಮೈ ಎಷ್ಟೇ ಪಳಗಿದ್ದರೂ ಒಂದು ಅಲೆ ಕೆಡವಬಲ್ಲದು. ಸಹಾಯ ಬೇಕು ಎಂದು ತಕ್ಷಣ ಹೇಳಿದ್ದರಿಂದ ಅವರು ಉಳಿದರು.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯ, ಬರುವ ವರ್ಷ ಒಂಟಿಯಾಗಿ ನೂಮಿಯಾ ಬೇಡ. ಬ್ರಿಸ್ಬೇನಿನಿಂದ ಅದು ಸುಮಾರು 800 ನಾಟಿಕಲ್ ಮೈಲಿ. ಅಂಥ ದೋಣಿಗೆ ಏಳು ದಿನ, ಕೆಲವು ಸಲ ಹೆಚ್ಚು. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ಹಾಗಾಗಿ ಮೇ ತಿಂಗಳ ಮೇಲೆ ಹೊರಡಬೇಕು. ಆಗ ಪೂರ್ವ–ಆಗ್ನೇಯದ ಗಾಳಿ ಬಹುಮಟ್ಟಿಗೆ ಎದುರೇ ಬೀಸುತ್ತಿರುತ್ತದೆ. ಪಶ್ಚಿಮದ ಗಾಳಿ ತಿರುಗುವವರೆಗೆ ಕಾಯುವ ತಾಳ್ಮೆ ಬೇಕು. ದಡದ ಪಕ್ಕದಲ್ಲಿ ದಕ್ಷಿಣಕ್ಕೆ ಹರಿಯುವ ಪ್ರವಾಹವಿದೆ. ದಕ್ಷಿಣದ ಗಾಳಿ ಅದಕ್ಕೆ ಎದುರು ಬಿದ್ದರೆ ಅಲೆಗಳು ಗೋಡೆಯ ಹಾಗೆ ಏಳುತ್ತವೆ. 1998ರ ಸಿಡ್ನಿ–ಹೋಬಾರ್ಟ್ ರೇಸಿನ ದುರಂತದಲ್ಲಿ ಬಿರುಗಾಳಿಯ ಜೊತೆಗೆ ಈ ಪ್ರವಾಹದ ಪಾಲೂ ಇತ್ತು. ಹೊರಟ 115 ದೋಣಿಗಳಲ್ಲಿ 44 ಮಾತ್ರ ಗುರಿ ಮುಟ್ಟಿದವು, ಆರು ಜನ ಸತ್ತರು. ಅವರು ತಂಡ ಕಟ್ಟಿಕೊಂಡು ಹೋಗಿದ್ದ ಅನುಭವಿಗಳು.

ಈ ವರ್ಷ ಅವರು ಬೇರೆಯವರ ದೋಣಿಯಲ್ಲಿ ಆಳಾಗಿ ಹೋಗಲಿ. ಬ್ರಿಸ್ಬೇನ್–ಗ್ಲಾಡ್‌ಸ್ಟನ್ ರೇಸ್ 1949ರಿಂದ ಇದೆ. ಗುಡ್ ಫ್ರೈಡೆ ದಿನ ಹೊರಡುತ್ತದೆ, 308 ನಾಟಿಕಲ್ ಮೈಲಿ. ಗಟ್ಟಿ ಆಳು ಎಲ್ಲ ತಂಡಕ್ಕೂ ಬೇಕು. ಅಲ್ಲಿ ಭುಜ, ಹೊಟ್ಟೆ, ನಿದ್ದೆ ಮೂರೂ ಹೇಗೆ ನಡೆದುಕೊಳ್ಳುತ್ತವೆ ಅನ್ನುವುದು ಒಂದೆರಡು ರಾತ್ರಿಯಲ್ಲೇ ಗೊತ್ತಾಗುತ್ತದೆ. ಭುಜ ರಿಪೇರಿಯಾಗುವ ಮುಂಚೆ ವಿಂಚ್ ಕೆಲಸ ಬೇಡ, ಚುಕ್ಕಾಣಿ ಹಿಡಿಯಲಿ. ಜೊತೆಗೆ ಸಮುದ್ರದಲ್ಲಿ ಬದುಕುಳಿಯುವ ತರಬೇತಿ ಕೋರ್ಸ್ ಇದೆ, ನೀವಿಬ್ಬರೂ ಸೇರಿ. ನೀರಿನಲ್ಲಿ ರಬ್ಬರ್ ತೆಪ್ಪ ಹತ್ತುವುದು ಎಷ್ಟು ಕಷ್ಟ ಎಂದು ಕೊಳದಲ್ಲಿ ತಿಳಿಯುವುದು ಒಳ್ಳೆಯದು. ಅದಾದ ಮೇಲಿನ ವರ್ಷ, ಇನ್ನೊಬ್ಬ ಅನುಭವಿಯ ಜೊತೆ ಇಬ್ಬರಾಗಿ ನೂಮಿಯಾ. ಒಂಟಿಯಾನದ ಮಾತು ಅದರ ನಂತರ.

ನೀವು ಜೊತೆಗೆ ಹೋಗುವ ವಿಷಯ ಬೇರೆ. "ನಾನಿದ್ದರೆ ಅವರಿಗೆ ಧೈರ್ಯ" ಅನ್ನಿಸಬಹುದು. ಆದರೆ ಅವರು ನೀರಿಗೆ ಬಿದ್ದರೆ? 112 ಕೆಜಿಯ ಆಳು, ಬಟ್ಟೆ ನೆನೆದು ಇನ್ನೂ ಭಾರ, ದೋಣಿ ಮೇಲೆ ಕೆಳಗೆ ಕುಣಿಯುತ್ತಿದೆ. ಕೈಯಿಂದ ಎತ್ತುವುದು ನಿಮ್ಮಿಂದಾಗದು, ನನ್ನಿಂದಲೂ ಆಗದು. ಹಾಯಿ ಏರಿಸುವ ಹಗ್ಗವನ್ನು ಅವರ ಹಾರ್ನೆಸ್ಸಿಗೆ (ಮೈಗೆ ಬಿಗಿದುಕೊಳ್ಳುವ ಪಟ್ಟಿ) ಸಿಕ್ಕಿಸಿ ವಿಂಚ್ ತಿರುಗಿಸಿದರೆ, ಅಥವಾ ಆರು ಪಟ್ಟು ರಾಟೆ ಕಟ್ಟಿದರೆ 54 ಕೆಜಿಯವರೂ ನಿಧಾನವಾಗಿ ಎತ್ತಬಹುದು. ಕಷ್ಟವಿರುವುದು ದೋಣಿ ನಿಲ್ಲಿಸಿ, ಅವರ ಪಕ್ಕಕ್ಕೆ ತಂದು, ಆ ಕೊಕ್ಕೆ ಸಿಕ್ಕಿಸುವುದರಲ್ಲಿ. ಇದನ್ನು ಶಾಂತ ದಿನ, ಮರೀನಾದಲ್ಲಿ, ಅವರನ್ನು ನಿಜವಾಗಿಯೂ ನೀರಿಗಿಳಿಸಿ ಮಾಡಿ ನೋಡಿ. ಪಕ್ಕದಲ್ಲಿ ಇನ್ನಿಬ್ಬರು ಇರಲಿ. ನೀರಿನಲ್ಲಿರುವ ನಿಮ್ಮ ಯಜಮಾನರು ಒಂದಿಷ್ಟೂ ಸಹಾಯ ಮಾಡಬಾರದು, ಪ್ರಜ್ಞೆ ಇಲ್ಲದವರ ಹಾಗೆ ತೇಲಬೇಕು. ಗಂಡಸರಿಗೆ ಎಷ್ಟು ಬುದ್ಧಿ ಹೇಳಿದರೂ ತಲೆಗೆ ಹೋಗದ್ದು ಈ ಒಂದು ಪರೀಕ್ಷೆಯಲ್ಲಿ ಹೋಗುವುದನ್ನು ನೋಡಿದ್ದೇನೆ. ಅದು ಆಗುವವರೆಗೆ ನೀವಿಬ್ಬರೇ ಕೊಲ್ಲಿಯಿಂದ ಆಚೆ ಹೋಗಬೇಡಿ. ಡೆಕ್ಕಿನ ಮೇಲೆ ಚಿಕ್ಕ ಹಗ್ಗದಿಂದ ಕಟ್ಟಿಕೊಂಡೇ ಇದ್ದರೆ ಬೀಳುವ ಪ್ರಶ್ನೆಯೇ ಕಡಿಮೆ, ಅದನ್ನು ಮನೆಯ ಕಾಯ್ದೆ ಮಾಡಿ.

ಇಪಿಐಆರ್‌ಬಿ ಎಂಬ ತುರ್ತು ಬೀಕನ್ (ಅಪಾಯದ ಸಂಕೇತ ಕಳಿಸುವ ಸಾಧನ) ದೋಣಿಯಲ್ಲಿದೆಯಾ, ಇವರ ಹೆಸರಿಗೆ ನೋಂದಣಿಯಾಗಿದೆಯಾ ನೋಡಿ. ಹಳೆಯ ದೋಣಿ ಕೊಂಡವರು ಹಳೆಯ ಮಾಲೀಕನ ಹೆಸರಲ್ಲೇ ಬಿಟ್ಟಿರುತ್ತಾರೆ. ಆಸ್ಟ್ರೇಲಿಯಾದಲ್ಲಿ ನೋಂದಣಿ ಪುಕ್ಕಟೆ. ಅದರಲ್ಲಿ ತುರ್ತು ಫೋನ್ ನಂಬರ್ ಆಗಿ ನಿಮ್ಮದಿರಲಿ.

ತಡೆಯಬೇಕಾ ಅಂತ ಕೇಳಿದಿರಿ. ಇಪ್ಪತ್ತು ವರ್ಷ ಪ್ರತಿ ವಾರ ಏನೋ ಒಂದಕ್ಕೆ ತಯಾರಾಗುತ್ತಿದ್ದವರಿಗೆ ಆಟ ನಿಂತ ಮೇಲೆ ಖಾಲಿಯೆನಿಸುತ್ತದೆ. ಕೆಲವರು ಕುಡಿತಕ್ಕೆ ಹೋಗುತ್ತಾರೆ, ಕೆಲವರು ಮಂಕಾಗಿ ಕೂರುತ್ತಾರೆ. ಇವರು ಹವಾಮಾನ ಓದುವುದು, ಎಂಜಿನ್ ಬಿಚ್ಚುವುದು, ಗಂಟು ಹಾಕುವುದು ಕಲಿಯುತ್ತಿದ್ದಾರೆ. ಅದನ್ನು ಕಿತ್ತುಕೊಂಡರೆ ಒಳ್ಳೆಯದಾಗುವುದಿಲ್ಲ ಅಂತಲೇ ನನಗನಿಸುತ್ತದೆ. ಆದರೆ ಒಂದು ಮಾತು ನೇರವಾಗಿ ಕೇಳಿ: "ಎಲ್ಲಿಗೋ ಹೋಗಬೇಕು ಅಂತ ಹೋಗುತ್ತಿದ್ದೀರಾ, ಇಲ್ಲಿರಲು ಆಗದೆ ಹೋಗುತ್ತಿದ್ದೀರಾ?" ಎರಡನೆಯದಾದರೆ, ನಿದ್ದೆ ಇಲ್ಲ, ಯಾವುದರಲ್ಲೂ ಆಸೆ ಇಲ್ಲ, ಬದುಕು ಸಾಕು ಅನ್ನುವಂಥ ಮಾತು ಬಂದರೆ, ದೋಣಿಯ ವಿಷಯ ಪಕ್ಕಕ್ಕಿಟ್ಟು ಅದೇ ವಾರ ನಿಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇಲ್ಲದಿದ್ದರೆ ಮೊದಲ ಕೆಲಸ ಭುಜದ ಸ್ಕ್ಯಾನ್, ಎರಡನೆಯದು ಸ್ಲೀಪ್ ಸ್ಟಡಿ. ಎರಡಕ್ಕೂ ಈಗಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಆಪರೇಷನ್ ಬೇಕು ಅಂತಾದರೆ ಆರು ತಿಂಗಳು ಅಲ್ಲೇ ಕಳೆಯುತ್ತದೆ. ವೈದ್ಯರ ಕೋಣೆಗೆ ನೀವೂ ಜೊತೆಗೆ ಹೋಗಿ. "ಭುಜ ಎಷ್ಟು ಸಲ ತಪ್ಪಿದೆ?" ಎಂದು ಕೇಳಿದಾಗ ಅವರು ಒಂದು ಸಲ ಅನ್ನುವ ಸಾಧ್ಯತೆ ಇದೆ. ಮೂರು ಸಲ ಎಂದು ಹೇಳಲು ಅಲ್ಲಿ ನೀವಿರಬೇಕು.